17 ಜಿಬಿ ಸಿಟಿ ಸ್ಕ್ಯಾನನ್ನು ಸಲೀಸಾಗಿ ತಿರುಗಿಸಿ ನೋಡೋದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದವರು:
ಬಂಡೆಯೊಂದರ ಮೈಕ್ರೊ-ಸಿಟಿ ಸ್ಕ್ಯಾನ್ (ಎಕ್ಸ್‌ರೇಯಿಂದ ತೆಗೆದ ಒಳಭಾಗದ 3ಡಿ ಚಿತ್ರ) ಇದೆ. ಮೂರೂ ಕಡೆ 2048 ವೋಕ್ಸೆಲ್ (3ಡಿ ಚಿತ್ರದ ಪುಟ್ಟ ಘನ ಚುಕ್ಕಿ), 16 ಬಿಟ್, ಒಟ್ಟು 17 ಜಿಬಿಯ ಒಂದೇ ರಾ ಫೈಲ್ (ವೋಕ್ಸೆಲ್ ಬೆಲೆಗಳನ್ನು ಸಾಲಾಗಿ ಬರೆದಿಟ್ಟದ್ದು). ಗ್ರಾಫಿಕ್ಸ್ ಕಾರ್ಡಿನಲ್ಲಿರೋದು 8 ಜಿಬಿ ಮೆಮೊರಿ. ವಾಲ್ಯೂಮ್ ರೆಂಡರಿಂಗ್ (ಇಡೀ ಸ್ಕ್ಯಾನನ್ನು ಪಾರದರ್ಶಕ 3ಡಿಯಾಗಿ ತೋರಿಸೋದು) ಆನ್ ಮಾಡಿದ ತಕ್ಷಣ ಎಲ್ಲ ಹ್ಯಾಂಗ್. ಯಾವ ಸಾಫ್ಟ್‌ವೇರ್ ಒಳ್ಳೇದು?

ಉತ್ತರ 1:
ಸಾಫ್ಟ್‌ವೇರ್ ಆಮೇಲೆ ನೋಡೋಣ ಸರ್, ಮೊದಲು ಫೈಲ್ ಸರಿಮಾಡಿಕೊಳ್ಳಿ. ರಾ ಫೈಲಿನಲ್ಲಿ ಮೇಲಿನಿಂದ ಕತ್ತರಿಸಿದ ಸ್ಲೈಸ್ ಒಂದೇ ಓಟಕ್ಕೆ ಸಿಗುತ್ತೆ. ಅದನ್ನೇ ಪಕ್ಕದಿಂದ ಕೇಳಿದರೆ 40 ಲಕ್ಷಕ್ಕೂ ಹೆಚ್ಚು ಜಾಗಗಳಿಂದ ಎರಡೆರಡು ಬೈಟ್ ಹೆಕ್ಕಬೇಕು. ಡೇಟಾವನ್ನು ತುಂಡುಗಳಾಗಿ ಇಡಬಲ್ಲ ಝಾರ್ ಅಥವಾ ಎಚ್‌ಡಿಎಫ್5 ಫಾರ್ಮ್ಯಾಟಿಗೆ ಬದಲಿಸಿ, 64×64×64ರ ಚಂಕ್ (ಪುಟ್ಟ ಘನ ತುಂಡು) ಮಾಡಿ. ಆಗ ಯಾವ ದಿಕ್ಕಿನ ಸ್ಲೈಸಿಗೂ 1024 ಚಂಕ್ ಓದಿದರೆ ಸಾಕು. ಬೇಕಾದ್ದಕ್ಕಿಂತ ಜಾಸ್ತಿ ಓದುತ್ತೆ, ನಿಜ. ಆದರೆ ಪಕ್ಕದ 63 ಸ್ಲೈಸ್‌ಗಳೂ ಜೊತೆಗೇ ಬಂದಿರುತ್ತವಲ್ಲ!

ಇದರ ಮೇಲೆ ಪಿರಮಿಡ್ ಕಟ್ಟಿ, ಅಂದರೆ ಅದೇ ಸ್ಕ್ಯಾನಿನ ಚಿಕ್ಕ ಚಿಕ್ಕ ಪ್ರತಿಗಳು. ಪ್ರತಿ ಹಂತಕ್ಕೂ ಮೂರೂ ಕಡೆ ಅರ್ಧ, ಗಾತ್ರ ಎಂಟರಲ್ಲೊಂದು. ಹಂತಗಳೆಲ್ಲ ಸೇರಿದರೂ ಹೆಚ್ಚುವರಿ ಜಾಗ ಮೂಲದ ಏಳರಲ್ಲೊಂದು ಭಾಗ ದಾಟಲ್ಲ. ತಿರುಗಿಸುವಾಗ 512ರ ಹಂತ ಸಾಕು, ನಿಲ್ಲಿಸಿದ ಮೇಲೆ ಕಣ್ಣಿಗೆ ಬೀಳುವ ಭಾಗಕ್ಕಷ್ಟೇ ಸೂಕ್ಷ್ಮ ಹಂತ. ನ್ಯೂರೋಗ್ಲಾನ್ಸರ್ ಅನ್ನೋ 3ಡಿ ವೀಕ್ಷಕ ಬ್ರೌಸರಿನಲ್ಲೇ ಹೀಗೆ ಬೇಕಾದಷ್ಟನ್ನೇ ತರಿಸಿಕೊಳ್ಳುತ್ತೆ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ, ಆದರೆ ಲೇಬಲ್ ಫೈಲಿಗೂ (ಪ್ರತಿ ವೋಕ್ಸೆಲ್ ಯಾವ ವಸ್ತು ಅಂತ ಸಂಖ್ಯೆಯಲ್ಲಿ ಗುರುತಿಸಿದ್ದು) ಸರಾಸರಿ ಹಾಕಿ ಪಿರಮಿಡ್ ಕಟ್ಟಬೇಡಿ. ನಿಮ್ಮ ಲೇಬಲ್‌ಗಳಲ್ಲಿ 3 ಅಂದರೆ ರಂಧ್ರ, 5 ಜೇಡಿಮಣ್ಣು, 7 ಕ್ವಾರ್ಟ್ಸ್ ಅಂತಿಟ್ಟುಕೊಳ್ಳಿ. ರಂಧ್ರ, ಕ್ವಾರ್ಟ್ಸ್ ಸೇರುವ ಗಡಿಯಲ್ಲಿ ಸರಾಸರಿ 5 ಬಂತೋ, ಪ್ರತಿ ಕಣದ ಸುತ್ತಲೂ ಇಲ್ಲದ ಜೇಡಿಮಣ್ಣಿನ ಪದರ! ನೋಡೋಕೆ ಎಷ್ಟು ಸಹಜವಾಗಿರುತ್ತೆ ಅಂದರೆ ಯಾರಿಗೂ ಅನುಮಾನವೇ ಬರಲ್ಲ. ಅಲ್ಲಿ ಬಹುಮತದ ಲೇಬಲನ್ನೇ ತಗೊಳ್ಳಿ. ಬೂದು ಚಿತ್ರದಲ್ಲೂ (ಸ್ಕ್ಯಾನಿನಲ್ಲೂ) ಒಂದೆರಡು ವೋಕ್ಸೆಲ್ ದಪ್ಪದ ಬಿರುಕು ಮೇಲಿನ ಹಂತಗಳಲ್ಲಿ ಕರಗಿಹೋಗುತ್ತೆ. ಅಳತೆ ಮಾತ್ರ ಮೂಲ ಡೇಟಾದಲ್ಲೇ ತೆಗೀರಿ.

ಉತ್ತರ 3:
ದೊಡ್ಡ ಸರ್ವರ್ ಸಿಗೋದಾದರೆ ಅಲ್ಲಿ ಪ್ಯಾರಾವ್ಯೂ ಅನ್ನೋ 3ಡಿ ಸಾಫ್ಟ್‌ವೇರಿನ ಸರ್ವರ್ ಭಾಗವಾದ ಪಿವಿಸರ್ವರ್ ಓಡಿಸಿ. ಡೇಟಾ ಅಲ್ಲೇ ಇರುತ್ತೆ, ಚಿತ್ರ ಮಾತ್ರ ನಿಮಗೆ ಬರುತ್ತೆ. ಸರ್ವರ್, ನಿಮ್ಮ ಕಂಪ್ಯೂಟರ್ ಎರಡೂ ಕಡೆ ಪ್ಯಾರಾವ್ಯೂನ ಒಂದೇ ಆವೃತ್ತಿ ಇರಲಿ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ವಾಲ್ಯೂಮ್ ಬಿಟ್ಟು ಐಸೋಸರ್ಫೇಸ್ (ಒಂದೇ ಬೆಲೆಯ ಬಿಂದುಗಳು ಸೇರಿದ ಮೇಲ್ಮೈ) ತೆಗೆದರೆ ಹಗುರ ಆಗಲ್ವಾ?

ಉತ್ತರ 2:
ನುಣುಪಾದ ವಸ್ತುವಾದರೆ ಆಗುತ್ತೆ. ತುಂಬ ರಂಧ್ರವಿರೋ ಕಲ್ಲಿನಲ್ಲಿ ಎಲ್ಲಿ ಕತ್ತರಿಸಿದರೂ ಮೇಲ್ಮೈಯೇ. ಆ ಮೇಲ್ಮೈ ಕಟ್ಟುವ ಮಾರ್ಚಿಂಗ್ ಕ್ಯೂಬ್ಸ್ ವಿಧಾನ ಮೇಲ್ಮೈ ಹಾಯುವ ಪ್ರತಿ ಕೋಶಕ್ಕೂ ತ್ರಿಕೋನ ಹಾಕುತ್ತಾ ಹೋಗುತ್ತೆ, ಕೊನೆಗೆ ತ್ರಿಕೋನಗಳೇ ಮೂಲ ಫೈಲಿಗಿಂತ ಭಾರ ಆಗಬಹುದು. ಮೊದಲು 512ರ ಒಂದು ಘನ ಕತ್ತರಿಸಿಕೊಂಡು ಅದರಲ್ಲಿ ಎಷ್ಟು ತ್ರಿಕೋನ ಬರುತ್ತೆ ನೋಡಿ. ಇಡೀ ಸ್ಕ್ಯಾನಿನಲ್ಲಿ ಅಂಥ 64 ಘನ ಇವೆ, ಹಾಗಾಗಿ ಅದರ 64 ಪಟ್ಟು ನಿಮ್ಮ ಕಾರ್ಡ್ ತಡೆಯೋದಾದರೆ ಮುಂದುವರಿಸಿ.