ಸೋಮವಾರಪೇಟೆ ಹೋಯಿತು, ಮಹದೇವಪುರ ಬಂತು

ದೊಡ್ಡಪ್ಪ: (ಫಾರ್ವರ್ಡ್) ಎಚ್ಚರ!! ಮುಂದಿನ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಕೊಡಗಿಗೆ ಒಂದೇ ಎಂಎಲ್‌ಎ ಸೀಟು. ಎಲ್ಲರಿಗೂ ಕಳಿಸಿ.

ಚಿಕ್ಕತ್ತೆ: ಅಯ್ಯೋ ದೇವರೇ.

ಹರ್ಷ: ದೊಡ್ಡಪ್ಪ, ಇದನ್ನು ಹೇಳಿದ್ದು ಯಾರು? ತಾರೀಕೂ ಇಲ್ಲ, ಆಯೋಗದ ಹೆಸರೂ ಇಲ್ಲ. ಆದೇಶದ ಪ್ರತಿ ಇದ್ದರೆ ಹಾಕಿ.

ದೊಡ್ಡಪ್ಪ: ಹಿರಿಯರು ಏನು ಹೇಳಿದರೂ ಸಾಕ್ಷಿ ಕೇಳುತ್ತೀಯ. 2008ರಲ್ಲಿ ನಮ್ಮ ಸೋಮವಾರಪೇಟೆ ಕ್ಷೇತ್ರ ಹೋಗಿದ್ದು ಸುಳ್ಳಾ? ಜಿಲ್ಲೆಗೆ ಮೂರಿತ್ತು, ಎರಡಾಯಿತು. ನಮ್ಮನ್ನು ಮಡಿಕೇರಿಗೆ ಸೇರಿಸಿದರು. ಲೋಕಸಭೆಗೆ ಮಂಗಳೂರು ಬಿಡಿಸಿ ಮೈಸೂರಿಗೆ ಹಾಕಿದರು.

ಹರ್ಷ: ಅದು ನಿಜ. ಪುನರ್ವಿಂಗಡಣೆ ಅಂದರೆ ಕ್ಷೇತ್ರಗಳ ಗಡಿ ಹೊಸದಾಗಿ ಹಾಕುವುದು, ಆಗ 2001ರ ಜನಗಣತಿ ಹಿಡಿದು ಮಾಡಿದ್ದು. ರಾಜ್ಯಕ್ಕೆ ಒಟ್ಟು 224 ಸೀಟು, ಅದು ಹೆಚ್ಚುವ ಹಾಗಿರಲಿಲ್ಲ. ಬೆಂಗಳೂರಿನಲ್ಲಿ ಜನ ಜಾಸ್ತಿ ಆಗಿದ್ದರು, ಇಲ್ಲಿ ಹೊಸ ಕ್ಷೇತ್ರಗಳು ಬಂದವು. ನಮ್ಮ ಮಹದೇವಪುರ ಹುಟ್ಟಿದ್ದೇ ಹಾಗೆ. ಈಗ ಇಲ್ಲಿ ಮತದಾರರು ಆರು ಲಕ್ಷ ದಾಟಿದ್ದಾರೆ. ಮಡಿಕೇರಿಯಲ್ಲಿ ಎರಡು ಲಕ್ಷ ಚಿಲ್ಲರೆ. ಎರಡೂ ಕಡೆ ಒಬ್ಬೊಬ್ಬರೇ ಶಾಸಕರು. ಇದು ಸರೀನಾ?

ದೊಡ್ಡಪ್ಪ: "ನಮ್ಮ ಮಹದೇವಪುರ"! ಫ್ಲ್ಯಾಟ್ ತಗೊಂಡ ಮೇಲೆ ಊರೂ ಬದಲಾಯಿತು.

ಸುಮಕ್ಕ: ಅಜ್ಜ ಹೇಳುತ್ತಿದ್ದರು, 1956ರ ಮೊದಲು ಕೊಡಗೇ ಒಂದು ರಾಜ್ಯ. 24 ಶಾಸಕರು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ಓಟಿನ ದಿನ ನಮ್ಮ ಕಾಫಿ ಕಣದಲ್ಲೇ ಒಲೆ ಹೂಡುತ್ತಿದ್ದರಂತೆ. ಬೂತಿಗೆ ಹೋಗುವವರೆಲ್ಲ ಬಿಸಿ ಕಡುಬು ತಿಂದೇ ಹೋಗಬೇಕು.

ಚಿಕ್ಕತ್ತೆ: ಆ ಕಣ ಆಮೇಲೆ ಯಾರ ಪಾಲಿಗೆ ಹೋಯಿತು ಅಂತಲೂ ಬರಿ ಸುಮಾ.

ದೊಡ್ಡಪ್ಪ: ಪಾಲಿನ ಮಾತು ಗುಂಪಿನಲ್ಲಿ ಬೇಡ.

ನಾನು: ಈ ಫಾರ್ವರ್ಡ್ ನಾನೂ ನಂಬಲ್ಲ. ಆದರೆ ದೊಡ್ಡಪ್ಪನ ಹೊಟ್ಟೆ ಉರಿ ಸುಮ್ನೆ ಅಲ್ಲ ಹರ್ಷ. ಬರೀ ತಲೆ ಎಣಿಸಿದರೆ ಗುಡ್ಡದ ಊರುಗಳು ಪ್ರತಿ ಸಲವೂ ಸೋಲುತ್ತವೆ. 2018ರಲ್ಲಿ ಗುಡ್ಡ ಜರಿದು ಮಾದಾಪುರದ ಕಡೆ ರಸ್ತೆ ಕಡಿದುಹೋಯಿತಲ್ಲ, ಆಗ ಮಡಿಕೇರಿ ಎಷ್ಟು ದೂರ ಆಯಿತು? ಜನಸಂಖ್ಯೆ ಜೊತೆಗೆ ಭೂಗುಣ, ಸಂಪರ್ಕ, ಜನರ ಅನುಕೂಲ ಎಲ್ಲ ನೋಡಬೇಕು ಅಂತ 2002ರ ಕ್ಷೇತ್ರ ಪುನರ್ವಿಂಗಡಣೆ ಕಾಯ್ದೆಯಲ್ಲೇ ಇದೆ. ಮುಂದಿನ ಸಲ ಕರಡು ಬಂದಾಗ ಅದನ್ನೇ ಹಿಡಿದು ಆಕ್ಷೇಪಣೆ ಹಾಕೋಣ.

ದೊಡ್ಡಪ್ಪ: ಹಾಕುವುದಕ್ಕೆ ಊರಲ್ಲಿ ಯಾರಿದ್ದೀರಿ? ನೀವೆಲ್ಲ ಬೆಂಗಳೂರಿಗೆ ಹೋದಿರಿ, ನಿಮ್ಮ ಹಿಂದೆ ಸೀಟೂ ಬಂತು.

ಹರ್ಷ: 2001ರಲ್ಲಿ ನಾನು ಊರಲ್ಲೇ ಹೈಸ್ಕೂಲು ಓದುತ್ತಿದ್ದೆ ದೊಡ್ಡಪ್ಪ. ನನ್ನನ್ನು ಎಣಿಸಿದ್ದು ನಿಮ್ಮ ಮನೆಯಲ್ಲೇ.

ಸುಮಕ್ಕ: ಹೌದು! ಗಣತಿಗೆ ಬಂದ ಮೇಷ್ಟ್ರಿಗೆ ಅಜ್ಜಿ ಒಂದು ಗೊನೆ ಬಾಳೆಹಣ್ಣು ಕೊಟ್ಟು ಕಳಿಸಿದ್ದರು.

ಚಿಕ್ಕತ್ತೆ: ಅಣ್ಣಾ, ಕಣದ ವಿಷಯಕ್ಕೆ ಇನ್ನೂ ಉತ್ತರ ಬರಲಿಲ್ಲ.