ಸಭಾಧ್ಯಕ್ಷ, ಸಭಾಪತಿ, ಸಭಾನಾಯಕ: ಪೀಠದಲ್ಲಿ ಕುಳಿತವರನ್ನು ಏನೆಂದು ಕರೆಯಬೇಕು?

ಮಾನ್ಯರೆ,

ಚಿಕ್ಕಮಗಳೂರಿನ ಪ್ರೌಢಶಾಲೆಯೊಂದರಲ್ಲಿ ಈಚೆಗೆ ನಡೆದ ಯುವ ಸಂಸತ್ತು ಸ್ಪರ್ಧೆಗೆ ನಾನು ತೀರ್ಪುಗಾರನಾಗಿ ಹೋಗಿದ್ದೆ. ಮಕ್ಕಳು ಲೋಕಸಭೆಯ ಕಲಾಪವನ್ನು ಅಭಿನಯಿಸುತ್ತಿದ್ದರು. ವಿರೋಧ ಪಕ್ಷದ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಕಾಫಿ ಬೆಳೆಗಾರರ ಪರವಾಗಿ ಪ್ರಶ್ನೆ ಕೇಳಲು ಎದ್ದು, ‘ಸನ್ಮಾನ್ಯ ಸಭಾಪತಿಗಳೇ’ ಎಂದು ಆರಂಭಿಸಿದಳು. ಸಭಾಪತಿ ಇರುವುದು ರಾಜ್ಯಸಭೆಯಲ್ಲಿ, ಲೋಕಸಭೆಗೆ ಸಭಾಧ್ಯಕ್ಷರು ಎಂದು ಪಕ್ಕದಲ್ಲಿದ್ದ ತೀರ್ಪುಗಾರರು ಅಂಕ ಕಳೆದರು, ನಾನೂ ಕಳೆದೆ. ಆಮೇಲೆ ಅವಳನ್ನು ಕರೆದು ವಿಚಾರಿಸಿದಾಗ, ಟಿವಿಯ ನೇರಪ್ರಸಾರದಲ್ಲಿ ಲೋಕಸಭೆಯ ಸದಸ್ಯರು ಹಿಂದಿಯಲ್ಲಿ ‘ಸಭಾಪತಿ ಮಹೋದಯ್’ ಎನ್ನುವುದನ್ನು ತಾನೇ ಕಿವಿಯಾರೆ ಕೇಳಿರುವುದಾಗಿ ಹೇಳಿದಳು.

ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ಲೋಕಸಭೆಯ ಹಿಂದಿ ಬಳಕೆಯಲ್ಲಿ ಸ್ಪೀಕರ್ ‘ಅಧ್ಯಕ್ಷ’, ಡೆಪ್ಯುಟಿ ಸ್ಪೀಕರ್ ‘ಉಪಾಧ್ಯಕ್ಷ’. ಇಬ್ಬರೂ ಪೀಠದಲ್ಲಿ ಇಲ್ಲದ ಹೊತ್ತಿನಲ್ಲಿ ಸದನವನ್ನು ನಡೆಸಲೆಂದು ಸ್ಪೀಕರ್ ಅವರು ಸದಸ್ಯರ ನಡುವಿನಿಂದ ಹತ್ತು ಜನರನ್ನು ಮೀರದ ಒಂದು ಪ್ಯಾನಲ್ಲನ್ನು ಹೆಸರಿಸುತ್ತಾರೆ. ಆ ಪ್ಯಾನಲ್ಲಿನವರೊಬ್ಬರು ಪೀಠವೇರಿದಾಗ ಅವರನ್ನು ಕರೆಯುವುದು ‘ಸಭಾಪತಿ’ ಎಂದೇ. ರಾಜ್ಯಸಭೆಗೆ ಬಂದರೆ ಲೆಕ್ಕವೇ ತಿರುಗುಮುರುಗು. ಅಲ್ಲಿ ಸಭಾಪತಿ ಎಂದರೆ ಉಪರಾಷ್ಟ್ರಪತಿ, ಅವರ ನಂತರದವರು ಉಪಸಭಾಪತಿ, ಪ್ಯಾನಲ್ಲಿನಿಂದ ಬಂದು ಕುಳಿತವರು ‘ಉಪಸಭಾಧ್ಯಕ್ಷ’. ಇತ್ತ ಬೆಂಗಳೂರಿನಲ್ಲಿ ಉಪಸಭಾಧ್ಯಕ್ಷರೆಂದರೆ ವಿಧಾನಸಭೆಯೇ ಚುನಾಯಿಸಿದ ಡೆಪ್ಯುಟಿ ಸ್ಪೀಕರ್. ದೆಹಲಿಯ ಮೇಲ್ಮನೆಯಲ್ಲಿ ಗಳಿಗೆಯ ಮಟ್ಟಿಗೆ ಪೀಠಕ್ಕೆ ಬಂದವರ ಹೆಸರು ನಮ್ಮ ಕೆಳಮನೆಯಲ್ಲಿ ಖಾಯಂ ಹುದ್ದೆಯ ಹೆಸರಾಗಿದೆ. ಹಿಂದಿಯಿಂದ ಅವಸರದಲ್ಲಿ ಅನುವಾದಿಸುವ ವರದಿಗಾರರು ಇಲ್ಲಿ ಎಡವಿದರೆ ಆಶ್ಚರ್ಯವಿಲ್ಲ.

ಕನ್ನಡದ ಮಟ್ಟಿಗೆ ರೂಢಿ ಸ್ಪಷ್ಟವಾಗಿಯೇ ಇದೆ: ವಿಧಾನಸಭೆಯಲ್ಲಿ ‘ಸನ್ಮಾನ್ಯ ಸಭಾಧ್ಯಕ್ಷರೇ’, ವಿಧಾನ ಪರಿಷತ್ತಿನಲ್ಲಿ ‘ಸನ್ಮಾನ್ಯ ಸಭಾಪತಿಗಳೇ’. ಆದರೆ ಒಂದೇ ಹೆಸರಿನ ಕೆಳಗೆ ಎರಡು ಬಗೆಯ ಸ್ಥಾನಗಳು ಅಡಗಿರುವುದನ್ನು ಗಮನಿಸಬೇಕು. ರಾಜ್ಯಸಭೆಯ ಸಭಾಪತಿ ಸಂವಿಧಾನದ 89ನೆಯ ವಿಧಿಯಂತೆ ಪದನಿಮಿತ್ತ ಸಭಾಪತಿ, ಅಂದರೆ ಉಪರಾಷ್ಟ್ರಪತಿಯಾದ ಕಾರಣಕ್ಕೇ ಆ ಪೀಠ ಪಡೆದವರು. ಅವರು ಆ ಸದನದ ಸದಸ್ಯರಲ್ಲ. ನಮ್ಮ ಪರಿಷತ್ತಿನ ಸಭಾಪತಿಯನ್ನಾದರೋ 182ನೆಯ ವಿಧಿಯಂತೆ ಸದಸ್ಯರು ತಮ್ಮಲ್ಲೇ ಒಬ್ಬರನ್ನು ಆರಿಸಿಕೊಂಡು ಕೂರಿಸುತ್ತಾರೆ. ಹೊರಗಿನಿಂದ ಬಂದ ಪತಿ ಒಬ್ಬರು, ಮನೆಯೊಳಗಿನಿಂದಲೇ ಎದ್ದ ಪತಿ ಇನ್ನೊಬ್ಬರು.

ನನ್ನ ನಿಜವಾದ ತಕರಾರು ಇರುವುದು ‘ಅಧ್ಯಕ್ಷ’ ಪದದ ಮೇಲೆ. ಅಕ್ಷ ಎಂದರೆ ಕಣ್ಣು, ಅಧ್ಯಕ್ಷ ಎಂದರೆ ಮೇಲೆ ಕಣ್ಣಿಟ್ಟು ನೋಡಿಕೊಳ್ಳುವವನು. ಕೌಟಿಲ್ಯನಲ್ಲಿ ಬರುವ ಪಣ್ಯಾಧ್ಯಕ್ಷ, ಸೀತಾಧ್ಯಕ್ಷರು ಇಂಥ ಮೇಲ್ವಿಚಾರಕರೇ. ಆ ಅರ್ಥದಲ್ಲಿ ಸದನದ ಮೇಲೆ ಕಣ್ಣಿಟ್ಟವರಿಗೆ ಈ ಪದ ಚೆನ್ನಾಗಿ ಒಪ್ಪುತ್ತದೆ. ಆದರೆ ಇಂದು ನಮ್ಮ ಬಾಯಲ್ಲಿ ಅಧ್ಯಕ್ಷ ಎಂದರೆ ಪಂಚಾಯಿತಿ ಅಧ್ಯಕ್ಷ, ಸೊಸೈಟಿ ಅಧ್ಯಕ್ಷ, ಪಕ್ಷದ ಅಧ್ಯಕ್ಷ. ಮುಂದೆ ನಿಂತು ತೀರ್ಮಾನ ಮಾಡುವವನು, ಮುಂದಾಳು. ಸ್ಪೀಕರ್ ಮುಂದಾಳಲ್ಲ. ಅವರು ಮೊದಲ ಸುತ್ತಿನಲ್ಲಿ ಮತ ಹಾಕುವಂತೆಯೂ ಇಲ್ಲ, ಮತಗಳು ಸಮವಾದಾಗ ಮಾತ್ರ ನಿರ್ಣಾಯಕ ಮತ ಕೊಡಬೇಕು. 1978ರ ನವೆಂಬರಿನ ಉಪಚುನಾವಣೆಯಲ್ಲಿ ನಮ್ಮ ಚಿಕ್ಕಮಗಳೂರಿನಿಂದ ಗೆದ್ದ ಇಂದಿರಾ ಗಾಂಧಿಯವರನ್ನು ಹಕ್ಕುಚ್ಯುತಿಗಾಗಿ ಡಿಸೆಂಬರಿನಲ್ಲೇ ಲೋಕಸಭೆಯಿಂದ ಉಚ್ಚಾಟಿಸಲಾಯಿತಷ್ಟೆ. ಆಗ ಪೀಠದಲ್ಲಿದ್ದವರು ನಮ್ಮ ಕರಾವಳಿಯ ಕೆ.ಎಸ್. ಹೆಗ್ಡೆಯವರು. ‘ಹೆಗ್ಡೆಯವರು ಇಂದಿರಮ್ಮನನ್ನು ಹೊರಗೆ ಹಾಕಿದರು’ ಎಂದು ಊರಿನ ಹಿರಿಯರು ಹೇಳುವುದನ್ನು ಕೇಳಿದ್ದೇನೆ. ಹೊರಗೆ ಹಾಕಿದ್ದು ಮತ ಹಾಕಿದ ಸದನ. ‘ಅಧ್ಯಕ್ಷ’ ಪದಕ್ಕೆ ಅಂಟಿಕೊಂಡ ಯಜಮಾನಿಕೆಯ ಅರ್ಥವೇ ಇಂಥ ಮಾತನ್ನು ಹುಟ್ಟಿಸುತ್ತದೆ ಎಂದು ನನಗೆ ತೋರುತ್ತದೆ.

ಇಂಗ್ಲಿಷಿನ ‘ಸ್ಪೀಕರ್’ ಪದದಲ್ಲಿರುವ ‘ಮಾತನಾಡುವವನು’ ಎಂಬ ಅರ್ಥವೂ ಇಂದಿನ ಕೆಲಸಕ್ಕೆ ಹೊಂದುವುದಿಲ್ಲ ಎನ್ನಿ. 1377ರಲ್ಲಿ ಇಂಗ್ಲೆಂಡಿನಲ್ಲಿ ಥಾಮಸ್ ಹಂಗರ್‌ಫರ್ಡ್‌ಗೆ ಆ ಹೆಸರು ಬಂದಾಗ ಸಾಮಾನ್ಯರ ಸಭೆಯ ಪರವಾಗಿ ದೊರೆಯ ಎದುರು ಬಾಯಿ ಬಿಡುವುದು ಅವನ ಪಾಲಿನ ಕೆಲಸವಾಗಿತ್ತು. ಇಂದಿನ ಸ್ಪೀಕರ್ ಸದನದಲ್ಲಿ ಎಲ್ಲರಿಗಿಂತ ಕಡಿಮೆ ಚರ್ಚೆ ಮಾಡುವವರು. ಭಾರತದಲ್ಲಂತೂ 1921ರಲ್ಲಿ ಆರಂಭವಾದ ಕೇಂದ್ರ ಶಾಸನಸಭೆಯ ಪೀಠಸ್ಥರಿಗೆ ಪ್ರೆಸಿಡೆಂಟ್ ಎಂಬ ಹೆಸರಿತ್ತು, 1925ರಲ್ಲಿ ಚುನಾಯಿತರಾದ ವಿಠ್ಠಲಭಾಯಿ ಪಟೇಲರೂ ಪ್ರೆಸಿಡೆಂಟರೇ. ಕೇಂದ್ರದಲ್ಲಿ ಸ್ಪೀಕರ್ ಎಂಬ ಹೆಸರು ನೆಲೆಯಾದದ್ದು 1947ರಲ್ಲಿ, ಮಾವಳಂಕರರ ಕಾಲಕ್ಕೆ. ನಮ್ಮ ‘ಅಧ್ಯಕ್ಷ’ ಆ ಹಳೆಯ ಹೆಸರಿನ ನೆರಳಾಗಿರಬಹುದೆಂಬುದು ನನ್ನ ಊಹೆ.

ಮುಂದಾಳು ಎನ್ನಬಹುದಾದವರು ಬೇರೆ ಇದ್ದಾರೆ, ಅವರು ಸಭಾನಾಯಕರು. ಸರ್ಕಾರದ ಪರವಾಗಿ ಸದನದ ಕೆಲಸಕಾರ್ಯವನ್ನು ಹೊಂದಿಸುವುದು ಅವರ ಹೊಣೆ. ಮಕ್ಕಳು ‘ಸಭಾನಾಯಕ’ ಎಂದೊಡನೆ ಪೀಠದ ಕಡೆಗೆ ಕೈ ತೋರಿಸಿದರು; ದೊಡ್ಡವರಲ್ಲಿ ಅನೇಕರು ಪ್ರಧಾನಿ ಎಂದುಬಿಡುತ್ತಾರೆ. ಪ್ರಧಾನಿ ತಾವು ಸದಸ್ಯರಾಗಿರುವ ಸದನಕ್ಕೆ ಮಾತ್ರ ಸಭಾನಾಯಕರು. ಇದಕ್ಕೆ ಪಕ್ಕದ ಹಾಸನ ಜಿಲ್ಲೆಯದೇ ಉದಾಹರಣೆಯಿದೆ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ದೇವೇಗೌಡರು 1996ರಲ್ಲಿ ಪ್ರಧಾನಿಯಾಗಿ ರಾಜ್ಯಸಭೆಗೆ ಹೋದುದರಿಂದ ಆ ಸದನದ ನಾಯಕರಾದರು. ಲೋಕಸಭೆಯಲ್ಲಿ ಸಭಾನಾಯಕರಾಗಿದ್ದವರು ರಾಮ್ ವಿಲಾಸ್ ಪಾಸ್ವಾನ್.

ಇನ್ನೊಂದು ಸಣ್ಣ ತೊಡಕು. ಕೆ.ಎಸ್. ನಾಗರತ್ನಮ್ಮನವರು 1972ರಲ್ಲಿ ನಮ್ಮ ವಿಧಾನಸಭೆಯ ಪೀಠವೇರಿದಾಗ ‘ಸಭಾಧ್ಯಕ್ಷೆ’ ಎನ್ನಲು ಭಾಷೆಯಲ್ಲಿ ದಾರಿಯಿತ್ತು. 1962ರಿಂದ ರಾಜ್ಯಸಭೆಯಲ್ಲಿ ಡೆಪ್ಯುಟಿ ಚೇರ್ಮನ್ ಹುದ್ದೆಯಲ್ಲಿದ್ದ ವಯಲೆಟ್ ಆಳ್ವರು ಮಾತ್ರ ಉಪಸಭಾಪತಿಯಾಗಿಯೇ ಉಳಿಯಬೇಕಾಯಿತು. ‘ಪತಿ’ಗೆ ಸ್ತ್ರೀಲಿಂಗ ಹುಡುಕ ಹೊರಟರೆ ಅಪಹಾಸ್ಯವಾಗುತ್ತದೆಯೇ ಹೊರತು ಪದ ಸಿಗುವುದಿಲ್ಲ.

ನನ್ನ ಪ್ರಶ್ನೆ ಇಷ್ಟು. ಪ್ಯಾನಲ್ಲಿನಿಂದ ಬಂದು ತಾತ್ಕಾಲಿಕವಾಗಿ ಸದನ ನಡೆಸುವವರಿಗೆ ಹಿಂದಿಯ ‘ಸಭಾಪತಿ’ಯನ್ನು ಹಾಗೆಯೇ ತಂದರೆ ಪರಿಷತ್ತಿನ ಸಭಾಪತಿಯೊಡನೆ ಕಲಸಿಹೋಗುತ್ತದೆ. ‘ಪೀಠಾಧಿಪತಿ’ ಎಂದರೆ ನಮ್ಮ ಜಿಲ್ಲೆಯವರಿಗೆ ಶೃಂಗೇರಿಯೋ ಬಾಳೆಹೊನ್ನೂರೋ ಕಣ್ಣಮುಂದೆ ಬರುತ್ತದೆ. ‘ಪೀಠಾಸೀನರು’ ಎಂಬುದು ಎರಡೂ ಸದನಗಳಿಗೆ, ಹೆಣ್ಣು ಗಂಡು ಇಬ್ಬರಿಗೂ ಸಲ್ಲುವಂತೆ ನನಗೆ ಕಾಣುತ್ತದೆ. ಇದಕ್ಕಿಂತ ಬಾಯಿಗೆ ಹಗುರವಾದ ಪದ ಬಳಕೆಯಲ್ಲಿದ್ದರೆ ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ. ಆ ಹುಡುಗಿಯ ಅಂಕಪಟ್ಟಿ ತಿದ್ದಲು ಈಗ ಅವಕಾಶವಿಲ್ಲ, ಅವಳ ಶಾಲೆಗೆ ಒಂದು ಕಾಗದ ಬರೆದಿದ್ದೇನೆ.