ಬಿಳಿ ಪಟ್ಟೆಯ ಅಗಪಾಂಥಸ್ ನಮ್ಮ ಮಳೆ ತಡೆಯುತ್ತದಾ? ಪ್ರಶ್ನೋತ್ತರ

ಪ್ರಶ್ನೆ (ತೀರ್ಥಹಳ್ಳಿ ಹತ್ತಿರದ ಹಳ್ಳಿಯಿಂದ, ಆಗಸ್ಟ್):
ನಮಸ್ಕಾರ ಅಣ್ಣ. ಜನವರಿಯಲ್ಲಿ ಒಂದು ಫಲಪುಷ್ಪ ಪ್ರದರ್ಶನದಲ್ಲಿ ಬಿಳಿ ಪಟ್ಟೆ ಎಲೆಯ ಅಗಪಾಂಥಸ್ (ನೀಲಿ ಹೂಗೊಂಚಲು ಬಿಡುವ ಅಲಂಕಾರದ ಗಿಡ) ಎರಡು ತಗೊಂಡಿದ್ದೆ. ಬೇಸಿಗೆಯಲ್ಲಿ ಚೆನ್ನಾಗಿದ್ದವು. ಮಳೆ ಹಿಡಿದ ಮೇಲೆ ಒಂದರ ಸುಳಿ ಎಳೆದರೆ ಕೈಗೇ ಕಿತ್ತು ಬಂತು. ಬುಡ ಲೊಳೆಲೊಳೆ, ಕೆಟ್ಟ ವಾಸನೆ. ಇನ್ನೊಂದರ ಕೆಳಗಿನ ಎಲೆ ಹಳದಿಯಾಗ್ತಾ ಇದೆ. ಅದರ ಪಕ್ಕದಲ್ಲೇ ಪಟ್ಟೆ ಇಲ್ಲದ ಹಸಿರು ಚಿಗುರೊಂದು ಜೋರಾಗಿ ಬರ್ತಿದೆ. ತಂದ ಪ್ಲಾಸ್ಟಿಕ್ ಕುಂಡದಲ್ಲೇ ಅಂಗಳದ ಅಂಚಿನಲ್ಲಿಟ್ಟಿದ್ದೆ, ಮಣ್ಣು ಬದಲಿಸಿಲ್ಲ. ಉಳಿದದ್ದನ್ನು ನೆಲಕ್ಕೆ ನೆಡಲಾ? ಹೂವು ಯಾವಾಗ ಬರುತ್ತೆ?

ಉತ್ತರ (ಸಾಗರದ ನರ್ಸರಿಯವರು):
ಅಕ್ಕ, ಮೊದಲು ಉಳಿದ ಕುಂಡವನ್ನು ಜಗಲಿಗೆ ಎತ್ತಿಡಿ. ಸೂರಿನ ನೀರು ಸಿಡಿಯದ, ಆದರೆ ಬೆಳಕು ಗಾಳಿ ಆಡುವ ಜಾಗ ನೋಡಿ. ನೆಲಕ್ಕೆ ನೆಡುವ ಮಾತು ಈಗ ಬೇಡ.

ಈ ಗಿಡದ ತವರು ದಕ್ಷಿಣ ಆಫ್ರಿಕಾ. ಅಲ್ಲಿ ಬಂಡೆ ಸಂದಿ, ಕಲ್ಲುಮಣ್ಣಿನ ಇಳಿಜಾರಿನಲ್ಲಿ ಬೆಳೆಯುತ್ತದೆ. ಬಿದ್ದ ನೀರು ನಿಲ್ಲದೆ ಹರಿದು ಹೋಗುತ್ತದೆ. ಮಳೆಯೂ ಬಹುಕಡೆ ವರ್ಷಕ್ಕೆ 1,000 ಮಿ.ಮೀ. ಒಳಗೆ. ನಮ್ಮ ಆಗುಂಬೆಯಲ್ಲಿ ಸರಾಸರಿ 7,000 ಮಿ.ಮೀ. ದಾಟುತ್ತದೆ, ಅದರಲ್ಲೂ ಬಹುಪಾಲು ನಾಲ್ಕೇ ತಿಂಗಳಲ್ಲಿ. ಬರಗಾಲಕ್ಕೆ ಅಂತ ನೀರು ಕೂಡಿಟ್ಟುಕೊಳ್ಳುವ ದಪ್ಪ ಬೇರು ಇದರದು. ಅಂಥ ಬೇರು ತಿಂಗಳುಗಟ್ಟಲೆ ನೆನೆದರೆ ಉಸಿರಾಡಲು ಗಾಳಿ ಸಿಗದೆ ಸಾಯುತ್ತದೆ, ಆಮೇಲೆ ಕೊಳೆ ಹತ್ತುತ್ತದೆ. ಸುಳಿಯೊಳಗೆ ನೀರು ನಿಂತರೆ ಮೇಲಿನಿಂದಲೂ ಕೊಳೆಯುತ್ತದೆ. ನಿಮ್ಮ ಮೊದಲ ಗಿಡಕ್ಕೆ ಆಗಿರುವುದು ಅದೇ.

ಪಟ್ಟೆ ಎಲೆಯ ಜಾತಿಗೆ ಇನ್ನೊಂದು ಕಷ್ಟ ಇದೆ. ಎಲೆಯ ಬಿಳಿ ಭಾಗದಲ್ಲಿ ಪತ್ರಹರಿತ್ತು ಇರುವುದಿಲ್ಲ, ಅಲ್ಲಿ ಆಹಾರ ತಯಾರಾಗುವುದೇ ಇಲ್ಲ. ಅರ್ಧ ಎಲೆ ದುಡಿದು ಇಡೀ ಗಿಡ ಸಾಕಬೇಕು. ಹಾಗಾಗಿ ಬೆಳವಣಿಗೆ ನಿಧಾನ. ಹಸಿರು ಅಗಪಾಂಥಸ್ ಸ್ವಲ್ಪ ಕೊಳೆತರೂ ಚೇತರಿಸಿಕೊಂಡು ಬಿಡುತ್ತದೆ, ಇದಕ್ಕೆ ಅಷ್ಟು ತ್ರಾಣ ಇಲ್ಲ.

ಅದೇ ಕಾರಣಕ್ಕೆ ಆ ಹಸಿರು ಚಿಗುರನ್ನು ಬಿಡಬೇಡಿ. ಪೂರ್ತಿ ಹಸಿರಾದ್ದರಿಂದ ಅದು ಬೇಗ ಬೆಳೆದು ಪಟ್ಟೆ ಚಿಗುರುಗಳನ್ನು ನುಂಗಿಬಿಡುತ್ತದೆ. ಮೇಲೆ ಕತ್ತರಿಸಿದರೆ ಮತ್ತೆ ಬರುತ್ತದೆ, ಬುಡದ ಗೆಡ್ಡೆ ಸಮೇತ ತೆಗೆಯಬೇಕು. ಆದರೆ ಈ ಮಳೆಯಲ್ಲಿ ಗಾಯ ಮಾಡಬೇಡಿ. ದೀಪಾವಳಿ ಹೊತ್ತಿಗೆ, ಮಳೆ ನಿಂತ ಮೇಲೆ ತೆಗೆಯಿರಿ. ಬೇರೆ ಕುಂಡಕ್ಕೆ ಹಾಕಿದರೆ ಅದೂ ಒಳ್ಳೆ ಗಿಡವೇ.

ಈಗ ಒಂದು ಕೆಲಸ ಮಾಡಿ. ಕುಂಡ ಮಗುಚಿ ಗಿಡವನ್ನು ಮಣ್ಣಿನ ಮುದ್ದೆ ಸಮೇತ ಹೊರತೆಗೆದು ಬೇರು ನೋಡಿ. ಒಳ್ಳೆ ಬೇರು ಬೆಳ್ಳಗೆ, ದಪ್ಪಗೆ, ಬಗ್ಗಿಸಿದರೆ ಪಟ್ ಅಂತ ಮುರಿಯುತ್ತದೆ. ಕೊಳೆತದ್ದು ಕಂದು ಬಣ್ಣ. ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಜಾರಿ ಬಂದು ಒಳಗಿನ ದಾರ ಮಾತ್ರ ಉಳಿಯುತ್ತದೆ. ನೋಡಿ ಇಲ್ಲೇ ಬರೆಯಿರಿ.

ಹೂವಿನ ವಿಷಯ ಕೆಳಗೆ ಶಿವಮೊಗ್ಗದವರೂ ಕೇಳಿದ್ದಾರೆ, ಒಟ್ಟಿಗೇ ಹೇಳ್ತೀನಿ.

ಪ್ರಶ್ನೆ (ಶಿವಮೊಗ್ಗ ನಗರ):
ಸರ್, ನಮ್ಮದು ಬಾಲ್ಕನಿ. ಮಳೆ ತೊಂದರೆ ಇಲ್ಲ, ಎಲೆಯೂ ಚೆಂದ ಇದೆ. ಆದರೆ ಊಟಿಯಲ್ಲಿ ನೋಡಿದಂಥ ನೀಲಿ ಹೂವಿನ ಗೊಂಚಲು ಒಂದೂ ಬಂದಿಲ್ಲ. ಯಾವ ಗೊಬ್ಬರ ಹಾಕಬೇಕು?

ಉತ್ತರ:
ಊಟಿ ಸುಮಾರು 2,200 ಮೀಟರ್ ಎತ್ತರದಲ್ಲಿದೆ, ಶಿವಮೊಗ್ಗ 600 ಮೀಟರ್ ಒಳಗೆ. ಮೊಗ್ಗು ಚೆನ್ನಾಗಿ ಕಟ್ಟಲು ಈ ಗಿಡಕ್ಕೆ ಚಳಿಗಾಲದ ತಂಪು ಬೇಕು. ಆ ತಂಪನ್ನು ಯಾವ ಗೊಬ್ಬರವೂ ತಂದುಕೊಡುವುದಿಲ್ಲ. ಪಟ್ಟೆ ಜಾತಿಗಳಲ್ಲಿ ಹೂವು ಮೊದಲೇ ಕಡಿಮೆ. ಟಿಂಕರ್‌ಬೆಲ್ ಅಂತ ಗಿಡ್ಡ ಜಾತಿ ಸಿಗುತ್ತದೆ, ಅದಂತೂ ತಂಪು ದೇಶದಲ್ಲೂ ಹೂ ಬಿಡಲು ಸತಾಯಿಸುತ್ತದೆ. ಸಿಲ್ವರ್ ಮೂನ್ ಅಂತ ಇನ್ನೊಂದು ಪಟ್ಟೆ ಜಾತಿ ಇದೆ, ಅದು ಸ್ವಲ್ಪ ದೊಡ್ಡದು. ನನ್ನನ್ನು ಕೇಳಿದರೆ ನಮ್ಮ ಕಡೆ ಇದನ್ನು ಎಲೆಗಾಗಿಯೇ ಸಾಕಬೇಕು. ವರ್ಷವಿಡೀ ಬೆಳ್ಳಗೆ ಹೊಳೆಯುವ ಎಲೆ ಕಡಿಮೆ ಸೊಗಸಾ ಹೇಳಿ? ಹೂ ಬಂದರೆ ಅದು ಮೇಲಿನ ಲಾಭ.

ಆದರೂ ಪ್ರಯತ್ನ ಮಾಡಬಹುದು. ನವೆಂಬರಿನಿಂದ ಫೆಬ್ರವರಿವರೆಗೆ ಕುಂಡವನ್ನು ರಾತ್ರಿ ತೆರೆದ ಆಕಾಶದ ಕೆಳಗೆ ಇರುವಂತೆ ಇಡಿ, ನೀರು ಕಡಿಮೆ ಮಾಡಿ. ಬೆಳಗಿನ ಬಿಸಿಲು ನಾಲ್ಕು ಗಂಟೆಯಾದರೂ ಬೀಳಲಿ. ಮಾರ್ಚ್, ಏಪ್ರಿಲ್ ಮಧ್ಯಾಹ್ನದ ಬಿಸಿಲು ಮಾತ್ರ ತಪ್ಪಿಸಿ, ಬಿಳಿ ಅಂಚು ಸುಟ್ಟು ಕಂದಾಗುತ್ತದೆ. ಯೂರಿಯಾ, ಗಂಜಲ ಜಾಸ್ತಿ ಕೊಟ್ಟರೆ ಎಲೆ ಮೆತ್ತಗಾಗಿ ಬಗ್ಗುತ್ತದೆ, ಹೂವಿಗೆ ಸಹಾಯ ಇಲ್ಲ. ಇದಕ್ಕೆ ಬೇಕಾದ್ದು ಪೊಟ್ಯಾಶ್. ಹಳ್ಳಿ ಮನೆಯವರಿಗೆ ಬಚ್ಚಲೊಲೆಯ ಬೂದಿ ಇದೆ, ತಿಂಗಳಿಗೊಂದು ಚಮಚ ಸಾಕು. ನಿಮ್ಮಂಥವರು ಸಲ್ಫೇಟ್ ಆಫ್ ಪೊಟ್ಯಾಶ್ ಎರಡು ಗ್ರಾಂ ಒಂದು ಲೀಟರ್ ನೀರಿಗೆ ಕರಗಿಸಿ, ಚಳಿ ಮುಗಿದ ಮೇಲೆ ಹದಿನೈದು ದಿನಕ್ಕೊಮ್ಮೆ ಕೊಡಿ. ಮತ್ತೆ, ದೊಡ್ಡ ಕುಂಡಕ್ಕೆ ಹಾಕುವ ಆಸೆ ಬೇಡ. ಬೇರು ತುಸು ಇಕ್ಕಟ್ಟಾಗಿದ್ದರೂ ಇದು ಚೆನ್ನಾಗಿಯೇ ಹೂ ಬಿಡುತ್ತದೆ.

ಪ್ರಶ್ನೆ (ಕೊಪ್ಪ):
ಅಡಿಕೆ ತೋಟದ ಅಂಚಿಗೆ ಸಾಲಾಗಿ ನೆಟ್ಟರೆ ಹೇಗೆ?

ಉತ್ತರ:
ಬೇಡ ಮಾರಾಯ್ರೆ. ತೋಟದ ನೆರಳಿಗೆ ಎಲೆ ಉದ್ದುದ್ದ ಎಳೆದು ಮಲಗುತ್ತದೆ, ತೇವ ಬೇರೆ. ನೆಲದಲ್ಲೇ ಬೇಕು ಅಂದರೆ ಮನೆ ಎದುರು ಪೂರ್ವಕ್ಕೆ, ಜಂಬಿಟ್ಟಿಗೆ ಕಟ್ಟಿ ಒಂದೂವರೆ ಅಡಿ ಎತ್ತರದ ಪಾತಿ ಮಾಡಿ. ತಳಕ್ಕೆ ಒಡೆದ ಹೆಂಚು ತುಂಬಿ, ಮೇಲೆ ಮರಳು ಬೆರೆಸಿದ ಮಣ್ಣು ಹಾಕಿ. ಬುಡ ಪಾತಿಯ ಮಟ್ಟಕ್ಕಿಂತ ತುಸು ಮೇಲೇ ಇರಲಿ. ಜೂನ್ ಬರುವ ಮೊದಲು ಅಡಿಕೆ ಸೋಗೆಯದ್ದೋ ಪಾರದರ್ಶಕ ಶೀಟಿನದ್ದೋ ಮಾಡು ಎಳೆಯಬೇಕು. ನನ್ನ ಆಯ್ಕೆ ಶೀಟು, ಸೋಗೆ ಕೆಳಗೆ ಕತ್ತಲು. ಇಷ್ಟೆಲ್ಲ ರಗಳೆ ಬೇಡ ಅನ್ನುವವರಿಗೆ ಕುಂಡವೇ ಸರಿ, ಎತ್ತಿ ಒಳಗಿಡಬಹುದು.

ಪ್ರಶ್ನೆ (ಹೊಸನಗರ):
ನನ್ನ ಗಿಡದ ಎಲೆ ಕಿವುಚಿದರೆ ಬೆಳ್ಳುಳ್ಳಿ ವಾಸನೆ. ಅಗಪಾಂಥಸ್ ಹೀಗೇನಾ? ಬಸವನಹುಳುವೂ ತಿಂತಾ ಇದೆ.

ಉತ್ತರ:
ನಿಮ್ಮದು ಅಗಪಾಂಥಸ್ ಅಲ್ಲ ಅಕ್ಕ, ಟುಲ್ಬಾಗಿಯಾ. ಅದೂ ದಕ್ಷಿಣ ಆಫ್ರಿಕಾದ್ದೇ, ಎಲೆ ಸಪೂರ, ಹೂವು ತಿಳಿ ನೇರಳೆ. ನಮ್ಮ ಸೆಕೆಗೆ ಅದೇ ಚೆನ್ನಾಗಿ ಹೂ ಬಿಡುತ್ತದೆ, ಬೇಜಾರು ಮಾಡ್ಕೋಬೇಡಿ. ಎಲೆ ತೆಳ್ಳಗಿದ್ದು, ಉದ್ದ ದಂಟಿನ ತುದಿಗೆ ಮರಿಗಿಡ ತೂಗುತ್ತಿದ್ದರೆ ಅದು ಸ್ಪೈಡರ್ ಪ್ಲಾಂಟ್. ಅದನ್ನೂ ಅಗಪಾಂಥಸ್ ಅಂತ ಮಾರುವವರಿದ್ದಾರೆ, ನೋಡಿ ತಗೊಳ್ಳಿ.

ಬಸವನಹುಳುವಿಗೆ ಉಪ್ಪು ಹಾಕಬೇಡಿ, ಉಪ್ಪು ಮಣ್ಣಿಗಿಳಿದರೆ ಬೇರು ಸುಡುತ್ತದೆ. ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ ಇಡಿ. ಬೆಳಿಗ್ಗೆ ಎತ್ತಿದರೆ ಎಲ್ಲ ಅಲ್ಲೇ ಇರುತ್ತವೆ, ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಬರಿಗೈಲಿ ಮುಟ್ಟಬೇಡಿ. ಅಂಗಡಿಯ ವಿಷದ ಗುಳಿಗೆ ನಾಯಿಗೆ ಪ್ರಾಣಾಪಾಯ, ನಾಯಿ ಇರುವ ಮನೆಗೆ ತರಲೇಬೇಡಿ.

ತೀರ್ಥಹಳ್ಳಿಯವರು:
ಅಣ್ಣ, ಬೇರು ನೋಡಿದೆ. ಮುಕ್ಕಾಲು ಪಾಲು ಬೆಳ್ಳಗೆ ಗಟ್ಟಿ ಇದೆ. ತಳದಲ್ಲಿ ನಾಲ್ಕಾರು ಮಾತ್ರ ನೀವು ಹೇಳಿದ ಹಾಗೆ ಸಿಪ್ಪೆ ಜಾರಿತು. ಮಣ್ಣು ಅಂದರೆ ಬರೀ ತೆಂಗಿನ ನಾರಿನ ಪುಡಿ, ಹಿಂಡಿದರೆ ನೀರು ಸುರಿಯುತ್ತೆ.

ಉತ್ತರ:
ಹಾಗಾದರೆ ಗಿಡ ಉಳಿಯುತ್ತೆ ಅಕ್ಕ, ಧೈರ್ಯವಾಗಿರಿ. ನಾರಿನ ಪುಡಿ ಬಯಲುಸೀಮೆಗೆ ಸರಿ, ನಮ್ಮ ಮಳೆಗಾಲಕ್ಕೆ ಅದೇ ಶತ್ರು. ಸುಲಭಕ್ಕೆ ಉದುರಿದಷ್ಟು ಉದುರಿಸಿ. ಕೊಳೆತ ಬೇರನ್ನು ಶುಭ್ರ ಕತ್ತರಿಯಿಂದ ತೆಗೆದು, ಕತ್ತರಿಸಿದ ಜಾಗಕ್ಕೆ ಇದ್ದಿಲ ಪುಡಿ ಹಚ್ಚಿ. ಕೈಗೆ ಗ್ಲೌಸ್ ಇರಲಿ, ರಸ ತಾಗಿದರೆ ಕೆಲವರಿಗೆ ತುರಿಕೆ. ಕಿತ್ತ ಎಲೆ ದನಕ್ಕೆ ಹಾಕಬೇಡಿ. ಒಂದು ದಿನ ಜಗಲಿಯಲ್ಲಿ ನೆರಳಿಗೆ ಆರಲು ಬಿಡಿ.

ಎಂಟು ಇಂಚಿನ ಮಣ್ಣಿನ ಕುಂಡ ಸಾಕು. ಕೆಮ್ಮಣ್ಣು ಎರಡು ಪಾಲು, ದಪ್ಪ ಮರಳು ಎರಡು ಪಾಲು, ಚೆನ್ನಾಗಿ ಕಳಿತ ಎಲೆಗೊಬ್ಬರ ಒಂದು ಪಾಲು, ಒಂದು ಹಿಡಿ ಇದ್ದಿಲ ಚೂರು. ಹಸಿ ಸಗಣಿ ಗೊಬ್ಬರ ಬೇಡ. ನೆಟ್ಟ ಮೇಲೆ ಒಂದು ವಾರ ನೀರು ಕೊಡಬೇಡಿ, ಗಾಳಿಯ ತೇವವೇ ಸಾಕಾಗುತ್ತೆ. ಅಡಿಕೆ ತೋಟಕ್ಕೆ ಕೊಳೆರೋಗದ ಬೋರ್ಡೋ ದ್ರಾವಣ ಹೊಡೆಸುವ ದಿನ ಇದನ್ನು ಒಳಗಿಡಿ. ಸುಣ್ಣ, ಮೈಲುತುತ್ತದ ಕಲೆ ಬಿಳಿ ಎಲೆ ಮೇಲೆ ಕೂತರೆ ಎದ್ದು ಕಾಣುತ್ತೆ.

ತೀರ್ಥಹಳ್ಳಿಯವರು:
ಇವತ್ತೇ ಮರಳು ಜರಡಿ ಹಿಡಿಯುತ್ತೇನೆ. ಬೀಜದಿಂದ ಪಟ್ಟೆ ಗಿಡ ಮಾಡಬಹುದಾ ಅಣ್ಣ? ತಂಗಿಗೂ ಒಂದು ಕೊಡಬೇಕಿತ್ತು.

ಉತ್ತರ:
ಬೀಜ ಹಾಕಿದರೆ ಪಟ್ಟೆ ಉಳಿಯುವುದಿಲ್ಲ, ಸಾಮಾನ್ಯವಾಗಿ ಹಸಿರೇ ಬರುತ್ತದೆ. ಬುಡ ಒಡೆದು ಕೊಡುವುದೊಂದೇ ದಾರಿ. ನಿಮ್ಮದು ತುಂಬಾ ಚಿಕ್ಕದು, ಇನ್ನು ಎರಡು ಮೂರು ವರ್ಷ ಮುಟ್ಟಬೇಡಿ. ಬುಡಕ್ಕೆ ಆರೇಳು ಚಿಗುರು ಬಂದ ಮೇಲೆ ಮಳೆ ಮುಗಿದ ಅಕ್ಟೋಬರಿನಲ್ಲಿ ಎರಡು ಭಾಗ ಮಾಡಿ, ಪ್ರತಿ ಭಾಗಕ್ಕೂ ಮೂರು ಚಿಗುರಾದರೂ ಇರಲಿ. ಅಲ್ಲಿವರೆಗೆ ತಂಗಿಗೆ ಆ ಹಸಿರು ಚಿಗುರೇ ಕೊಡಿ. ಅವರ ಮನೆ ತಂಪಿನ ಕಡೆ ಇದ್ದರೆ ನಿಮಗಿಂತ ಮೊದಲು ಅವರಲ್ಲೇ ನೀಲಿ ಹೂ ಬರಬಹುದು.